ಚಿಕ್ಕ ರೂಮಲ್ಲಿ ಎರಡು ಗಿಟಾರ್ ಆಂಪ್: ಎಲ್ಲಿ ಇಡಬೇಕು, ಎಲ್ಲಿ ಕೂರಬೇಕು

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ದಾವಣಗೆರೆ. ಮಹಡಿ ಮೇಲೆ 10 ಅಡಿ ಅಗಲ, 12 ಅಡಿ ಉದ್ದದ ಒಂದು ರೂಮಿದೆ. ಸೂರು 10 ಅಡಿ ಎತ್ತರ. ಅಲ್ಲೇ ಎಲೆಕ್ಟ್ರಿಕ್ ಗಿಟಾರ್ ಅಭ್ಯಾಸ ಮಾಡುತ್ತೇನೆ. ನನ್ನ ಹತ್ತಿರ 15 ವಾಟ್‌ನ ಒಂದು ವಾಲ್ವ್ ಆಂಪ್ (ಆಂಪ್ಲಿಫೈಯರ್) ಇತ್ತು. ಈಚೆಗೆ 25 ವಾಟ್‌ನ ಟ್ರಾನ್ಸಿಸ್ಟರ್ ಆಂಪ್ ಒಂದು ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಎರಡರಲ್ಲೂ 12 ಇಂಚಿನ ಒಂದೊಂದು ಸ್ಪೀಕರ್ ಇದೆ. ಕೋರಸ್ (ಶ್ರುತಿ ಸ್ವಲ್ಪ ತೂಗಾಡಿಸುವ ಎಫೆಕ್ಟ್), ಡಿಲೇ (ಮಾರ್ದನಿ) ಇರುವ ಸ್ಟೀರಿಯೋ ಪೆಡಲ್‌ನಿಂದ ಎರಡಕ್ಕೂ ಕೇಬಲ್ ಕೊಟ್ಟಿದ್ದೇನೆ. 12 ಅಡಿ ಗೋಡೆಯ ಎರಡು ಮೂಲೆಗಳಲ್ಲಿ, ನೆಲದ ಮೇಲೆ ಆಂಪ್ ಇಟ್ಟಿದ್ದೇನೆ. ಎದುರು ಗೋಡೆಗೆ ಒರಗಿ ಮಂಚದ ಮೇಲೆ ಕೂತು ಬಾರಿಸುತ್ತೇನೆ. ಸ್ಟೀರಿಯೋ ಅಂತ ಅನ್ನಿಸುವುದೇ ಇಲ್ಲ. ಎರಡೂ ಆನ್ ಮಾಡಿದರೆ ಸದ್ದು ದೊಡ್ಡದಾಗುವ ಬದಲು ತೆಳ್ಳಗಾಗುತ್ತದೆ. ಎ ತಂತಿ ಮೀಟಿದರೆ ಮಾತ್ರ ರೂಮೆಲ್ಲ ಗುಮ್ ಅನ್ನುತ್ತದೆ. ಜೊತೆಗೆ ಒಂದೇ ಸಮನೆ ಗುಂಯ್ ಅನ್ನುವ ಸದ್ದು. ಆಂಪ್‌ಗಳನ್ನು ಎಲ್ಲಿ ಇಡಬೇಕು? ಅಥವಾ ಒಂದನ್ನು ಮಾರಿ 50 ವಾಟ್‌ನದ್ದು ತಗೊಳ್ಳಲೇ?

ಉತ್ತರ: ನಮಸ್ಕಾರ. ರೂಮಿನ ಅಳತೆಯನ್ನು ಎತ್ತರ ಸಮೇತ ಬರೆದಿದ್ದೀರಿ, ಅದರಿಂದ ನನ್ನ ಕೆಲಸ ಅರ್ಧ ಹಗುರವಾಯಿತು. ನೀವು ಹೇಳಿದ ನಾಲ್ಕು ತೊಂದರೆಗೂ ಬೇರೆ ಬೇರೆ ಕಾರಣಗಳಿವೆ. ಆಂಪ್ ಜಾಗ ಬದಲಿಸಿದರೆ ಅವುಗಳಲ್ಲಿ ಎರಡು ಮಾತ್ರ ಸರಿಹೋಗುತ್ತವೆ. ಉಳಿದ ಎರಡು ವೈರಿಂಗ್‌ಗೆ ಸೇರಿದ್ದು. ಅವನ್ನು ಮೊದಲು ಮುಗಿಸಿಬಿಡಿ. ಇಲ್ಲದಿದ್ದರೆ ಆಂಪ್ ಎಲ್ಲಿಟ್ಟರೂ ಸಮಾಧಾನ ಸಿಗುವುದಿಲ್ಲ.

ಸದ್ದು ತೆಳ್ಳಗಾಗುವುದರಿಂದ ಶುರು ಮಾಡೋಣ. ಎರಡು ಆಂಪ್ ಒಟ್ಟಿಗೆ ಆನ್ ಮಾಡಿದಾಗ ಬೇಸ್ ಕಮ್ಮಿಯಾದರೆ, ನೂರಕ್ಕೆ ತೊಂಬತ್ತು ಪಾಲು ಅದು ಪೋಲಾರಿಟಿ ತಿರುವುಮುರುವಾಗಿರುವ ಲಕ್ಷಣ. ಒಂದರ ಸ್ಪೀಕರ್ ಕೋನ್ ಮುಂದಕ್ಕೆ ಬರುವ ಹೊತ್ತಿಗೆ ಇನ್ನೊಂದರದ್ದು ಹಿಂದಕ್ಕೆ ಹೋಗುತ್ತಿರುತ್ತದೆ. ಒಂದು ಗಾಳಿಯನ್ನು ತಳ್ಳುತ್ತದೆ, ಇನ್ನೊಂದು ಎಳೆಯುತ್ತದೆ. ದಪ್ಪ ತಂತಿಗಳ ಸದ್ದು ಅಲ್ಲೇ ಕರಗಿಹೋಗುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಆಂಪ್ ಒಳಗೆ ಸಿಗ್ನಲ್ ಎಷ್ಟು ಹಂತ ದಾಟುತ್ತದೆ ಅನ್ನುವುದರ ಮೇಲೆ ಅದು ನೆಟ್ಟಗೆ ಹೊರಬರುತ್ತದೋ ತಿರುಗಿ ಹೊರಬರುತ್ತದೋ ಅನ್ನುವುದು ನಿರ್ಧಾರವಾಗುತ್ತದೆ. ಬೇರೆ ಬೇರೆ ಕಂಪನಿಯ ಎರಡು ಆಂಪ್‌ಗಳು ಹೊಂದಲೇಬೇಕು ಅಂತ ಏನಿಲ್ಲ. 1960ರ ದಶಕದ ಕೆಲವು ಫೆಂಡರ್ ಆಂಪ್‌ಗಳಲ್ಲಿ ಒಂದೇ ಪೆಟ್ಟಿಗೆಯ ಎರಡು ಚಾನೆಲ್‌ಗಳೇ ಒಂದಕ್ಕೊಂದು ತಿರುಗಿರುತ್ತವೆ.

ಪರೀಕ್ಷೆ ಸುಲಭ. ಎರಡು ಆಂಪ್‌ಗಳನ್ನೂ ಅಕ್ಕಪಕ್ಕ ತಾಗಿಸಿ ಒಂದೇ ದಿಕ್ಕಿಗೆ ಮುಖ ಮಾಡಿಸಿ. ಪೆಡಲ್‌ನ ಕೋರಸ್, ಡಿಲೇ, ರಿವರ್ಬ್ (ದೊಡ್ಡ ಹಾಲ್‌ನಂಥ ಗುಂಗು) ಎಲ್ಲ ಆಫ್ ಮಾಡಿ. ಎರಡರಲ್ಲೂ ಕ್ಲೀನ್ ಸದ್ದೇ ಇರಲಿ, ವಾಲ್ಯೂಮ್ ಸರಿಸುಮಾರು ಒಂದೇ ಇರಲಿ. ಆರನೇ ತಂತಿಯನ್ನು ಮೀಟುತ್ತಾ, ಒಂದರ ವಾಲ್ಯೂಮ್ ಸೊನ್ನೆಗೆ ಇಳಿಸಿ ಮತ್ತೆ ಏರಿಸಿ. ಏರಿಸಿದಾಗ ಸದ್ದು ತುಂಬಿಕೊಂಡರೆ ಸರಿ ಇದೆ. ಸೊರಗಿದರೆ ತಿರುಗಿದೆ. ಪೆಡಲ್‌ನಲ್ಲಿ ಫೇಸ್ (ಅಂದರೆ ಪೋಲಾರಿಟಿ) ಬದಲಿಸುವ ಸ್ವಿಚ್ ಅಥವಾ ಮೆನು ಇದ್ದರೆ ಅದನ್ನು ಒತ್ತಿದರೆ ಸಾಕು. ಇಲ್ಲದಿದ್ದರೆ ಟ್ರಾನ್ಸಿಸ್ಟರ್ ಆಂಪ್‌ನ ಪ್ಲಗ್ ಕಿತ್ತು, ಸ್ಪೀಕರ್ ಹಿಂದೆ ಇರುವ ಎರಡು ವೈರ್‌ಗಳನ್ನು ಅದಲುಬದಲು ಮಾಡಿ. ಒಂದೇ ಆಂಪ್‌ನಲ್ಲಿ ಮಾಡಬೇಕು. ಎರಡರಲ್ಲೂ ಮಾಡಿದರೆ ಮೊದಲಿದ್ದ ಹಾಗೇ ಆಗುತ್ತದೆ. ವಾಲ್ವ್ ಆಂಪ್‌ಗೆ ಕೈ ಹಾಕಬೇಡಿ. ಅದರ ಒಳಗಿನ ಕೆಪಾಸಿಟರ್‌ಗಳಲ್ಲಿ ಆಫ್ ಮಾಡಿದ ಮೇಲೂ ನೂರಾರು ವೋಲ್ಟ್ ಉಳಿದಿರಬಹುದು. ಸ್ಪೀಕರ್ ವೈರ್ ಬಿಚ್ಚಿಟ್ಟು ಮರೆತು ಆನ್ ಮಾಡಿದರೆ ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುವ ಸಾಧ್ಯತೆಯೂ ಇದೆ.

ಇನ್ನು ಗುಂಯ್ ಸದ್ದು. ಇದು ಎರಡು ಬಗೆಯದ್ದಿರಬಹುದು. ಮೊದಲು ಪೆಡಲ್‌ನಿಂದ ಒಂದು ಆಂಪ್‌ನ ಕೇಬಲ್ ಕಿತ್ತು ನೋಡಿ. ಉಳಿದ ಆಂಪ್ ಸುಮ್ಮನಾದರೆ ಅದು ಗ್ರೌಂಡ್ ಲೂಪ್. ಎರಡೂ ಆಂಪ್‌ಗೆ ಮೂರು ಪಿನ್ ಪ್ಲಗ್‌ನಿಂದ ಅರ್ತಿಂಗ್ ಸಿಕ್ಕಿರುತ್ತದೆ. ಪೆಡಲ್‌ನ ಎರಡು ಕೇಬಲ್‌ಗಳ ಹೊರಕವಚವೂ ಅವೆರಡನ್ನು ಸೇರಿಸಿರುತ್ತದೆ. ಹೀಗೆ ಒಂದು ಸುತ್ತು ಆಗಿ, ಅದರಲ್ಲಿ ನಮ್ಮ ಕರೆಂಟಿನ 50 ಹರ್ಟ್ಸ್ ಹರಿದು ಸ್ಪೀಕರ್‌ನಲ್ಲಿ ಕೇಳಿಸುತ್ತದೆ. ಮೊದಲ ಮದ್ದು, ಎರಡೂ ಆಂಪ್‌ಗಳನ್ನು ಒಂದೇ ಸಾಕೆಟ್‌ನ ಒಂದೇ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಹಾಕುವುದು. ಇದರಿಂದ ಎಷ್ಟೋ ಮನೆಗಳಲ್ಲಿ ಕೆಲಸ ಮುಗಿದುಹೋಗುತ್ತದೆ. ಹೋಗಲಿಲ್ಲ ಅಂದರೆ, ಪೆಡಲ್ ಮತ್ತು ಒಂದು ಆಂಪ್ ನಡುವೆ ಆಡಿಯೋ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಇರುವ ಚಿಕ್ಕ ಬಾಕ್ಸ್ ಹಾಕಿ. ಅದು ಸಿಗ್ನಲ್ ಬಿಟ್ಟುಕೊಡುತ್ತದೆ, ವೈರಿನ ನೇರ ಸಂಪರ್ಕ ತಪ್ಪಿಸುತ್ತದೆ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಅರ್ತ್ ಪಿನ್ ಕಿತ್ತುಹಾಕಿದರೆ ಗುಂಯ್ ನಿಲ್ಲುತ್ತದೆ ಅಂತ ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ನಿಲ್ಲುವುದು ನಿಜ. ಆದರೆ ಆಮೇಲೆ ಆಂಪ್ ಒಳಗೆ ಏನಾದರೂ ಕೆಟ್ಟು 230 ವೋಲ್ಟ್ ಅದರ ಲೋಹದ ಚಾಸಿಗೆ (ಚೌಕಟ್ಟಿಗೆ) ತಾಗಿದರೆ, ಅದು ಗಿಟಾರ್ ತಂತಿಯ ಮೂಲಕ ನೇರ ನಿಮ್ಮ ಕೈಗೆ ಬರುತ್ತದೆ. ಗಿಟಾರ್ ಬಾರಿಸುವವರು ಹೀಗೆ ಜೀವ ಕಳೆದುಕೊಂಡಿದ್ದಾರೆ. ದಯವಿಟ್ಟು ಅದನ್ನು ಮಾಡಲೇಬೇಡಿ. ಹಳೇ ಮನೆಯಾದರೆ, ಸಾಕೆಟ್‌ನಲ್ಲಿ ನಿಜವಾಗಿ ಅರ್ತಿಂಗ್ ಇದೆಯೇ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಒಮ್ಮೆ ನೋಡಿಸಿಬಿಡಿ.

ಕೇಬಲ್ ಕಿತ್ತರೂ ಸದ್ದು ಹೋಗದೆ, ಗಿಟಾರ್ ಹಿಡಿದು ನೀವು ಬೇರೆ ದಿಕ್ಕಿಗೆ ತಿರುಗಿದಾಗ ಅದು ಹೆಚ್ಚುಕಮ್ಮಿ ಆದರೆ, ತೊಂದರೆ ತಂತಿಯ ಕಂಪನ ಹಿಡಿಯುವ ಗಿಟಾರ್‌ನ ಪಿಕಪ್‌ನದ್ದು. ಅದು ಸುತ್ತಲಿನ ಗದ್ದಲ ಹಿಡಿಯುತ್ತಿದೆ ಅಂತ ಅರ್ಥ. ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್ ಮೊದಲ ಅನುಮಾನ, ಡಿಮ್ಮರ್ ಇರುವ ಲೈಟ್ ಎರಡನೇದು. ಫ್ಯಾನ್ ಆಫ್ ಮಾಡಿ ನೋಡಿ, ಗೊತ್ತಾಗುತ್ತದೆ.

ಈಗ ಜಾಗದ ವಿಷಯ. ಎಲ್ಲರೂ ಆಂಪ್ ಎಲ್ಲಿಡಬೇಕು ಅಂತ ಕೇಳುತ್ತಾರೆ. ನನ್ನ ಪ್ರಕಾರ ಮೊದಲು ತೀರ್ಮಾನ ಆಗಬೇಕಾದದ್ದು ನೀವು ಎಲ್ಲಿ ಕೂರುತ್ತೀರಿ ಅನ್ನುವುದು. ಸ್ಟೀರಿಯೋ ಅನ್ನುವುದು ಆಂಪ್‌ಗಳಲ್ಲಿ ಇರುವುದಿಲ್ಲ. ಎರಡು ಕಡೆಯಿಂದ ಬಂದ ಸದ್ದನ್ನು ನಿಮ್ಮ ಎರಡು ಕಿವಿಗಳು ಸೇರಿಸಿದಾಗ ಹುಟ್ಟುವ ಅನುಭವ ಅದು. ಇಂಗ್ಲೆಂಡಿನ ಎಂಜಿನಿಯರ್ ಆಲನ್ ಬ್ಲೂಮ್‌ಲೈನ್ 1931ರಲ್ಲಿ ಸ್ಟೀರಿಯೋ ಪೇಟೆಂಟ್‌ಗೆ ಅರ್ಜಿ ಹಾಕಿದಾಗಲೇ ಇದನ್ನು ಕಂಡುಕೊಂಡಿದ್ದರು. ಎಡ ಸ್ಪೀಕರ್ ಬಲಗಿವಿಗೂ ಕೇಳಿಸುತ್ತದೆ, ಬಲ ಸ್ಪೀಕರ್ ಎಡಗಿವಿಗೂ ಕೇಳಿಸುತ್ತದೆ. ಆ ನಾಲ್ಕು ದಾರಿಗಳ ಲೆಕ್ಕ ಸರಿಯಾಗಿದ್ದರೆ ಮಾತ್ರ ನಡುವೆ, ಸ್ಪೀಕರೇ ಇಲ್ಲದ ಜಾಗದಿಂದ ಸದ್ದು ಬಂದ ಹಾಗೆ ಕೇಳಿಸುತ್ತದೆ.

ಈ ಲೆಕ್ಕ ಎಷ್ಟು ಸೂಕ್ಷ್ಮ ಅಂದರೆ, ಸದ್ದು ಒಂದು ಅಡಿ ಸಾಗಲು ಸುಮಾರು 0.9 ಮಿಲಿಸೆಕೆಂಡ್ ಹಿಡಿಯುತ್ತದೆ. ಒಂದು ಆಂಪ್ ನಿಮಗೆ ಇನ್ನೊಂದಕ್ಕಿಂತ ಒಂದೇ ಅಡಿ ಹತ್ತಿರ ಇದ್ದರೂ ಸಾಕು, ಎರಡರಿಂದಲೂ ಬರುವ ಒಂದೇ ಸದ್ದು ಪೂರ್ತಿ ಹತ್ತಿರದ ಆಂಪ್ ಕಡೆಗೆ ವಾಲಿಬಿಡುತ್ತದೆ. ಮೊದಲು ತಲುಪಿದ ಸದ್ದನ್ನೇ ಕಿವಿ ನಂಬುತ್ತದೆ. ಹೆಲ್ಮುಟ್ ಹಾಸ್ ಅನ್ನುವ ಜರ್ಮನ್ ವಿಜ್ಞಾನಿ 1949ರ ತಮ್ಮ ಪ್ರಬಂಧದಲ್ಲಿ ಇದನ್ನು ಅಳೆದು ತೋರಿಸಿದ್ದರು. ತಡವಾಗಿ ಬಂದ ಸದ್ದು ಸುಮಾರು 30 ಮಿಲಿಸೆಕೆಂಡ್ ಒಳಗೆ ಬಂದರೆ ನಾವು ಅದನ್ನು ಬೇರೆ ಸದ್ದು ಅಂತ ಗುರುತಿಸುವುದೇ ಇಲ್ಲ. ವಾಲುವುದಷ್ಟೇ ಅಲ್ಲ, ಬಣ್ಣವೂ ಕೆಡುತ್ತದೆ. ಒಂದು ಅಡಿ ವ್ಯತ್ಯಾಸದಲ್ಲಿ 565 ಹರ್ಟ್ಸ್ ಹತ್ತಿರ ಒಂದು ಗುಂಡಿ ಬೀಳುತ್ತದೆ, ಅಂದರೆ ಅಲ್ಲಿ ಸದ್ದು ಕುಗ್ಗುತ್ತದೆ. 1,700ರ ಹತ್ತಿರ ಇನ್ನೊಂದು. ಗಿಟಾರ್‌ನ ಜೀವ ಇರುವುದೇ ಅಲ್ಲಿ, ಅಲ್ವಾ?

ಹಾಗಾಗಿ ಚಿಕ್ಕ ರೂಮಿನ ಮೊದಲ ನಿಯಮ, ಎರಡು ಆಂಪ್‌ಗೂ ನಿಮ್ಮ ತಲೆಗೂ ಇರುವ ದೂರ ಒಂದೇ ಇರಬೇಕು. ಅಂದಾಜಿಗೆ ಬಿಡಬೇಡಿ. ಒಂದು ಹಗ್ಗ ತಗೊಂಡು ಅಳೆಯಿರಿ. ಎರಡು ಇಂಚು ಹೆಚ್ಚುಕಮ್ಮಿ ಆದರೆ ಪರವಾಗಿಲ್ಲ, ಅರ್ಧ ಅಡಿ ಆಗಬಾರದು.

ಎರಡನೇದು ರೂಮಿನ ಗುಮ್. ನಿಮ್ಮ ಎ ತಂತಿಯ ತೊಂದರೆಗೆ ಉತ್ತರ ನಿಮ್ಮ ಅಳತೆಯಲ್ಲೇ ಇದೆ. ಎದುರುಬದುರು ಗೋಡೆಗಳ ನಡುವೆ ಕೆಲವು ಸ್ವರಗಳು ಸರಿಯಾಗಿ ಕೂತುಕೊಂಡು ಉಬ್ಬುತ್ತವೆ. 12 ಅಡಿ ಉದ್ದಕ್ಕೆ ಅವು ಸುಮಾರು 47 ಹರ್ಟ್ಸ್, ಆಮೇಲೆ ಅದರ ಎರಡರಷ್ಟು 94. 10 ಅಡಿ ಅಗಲಕ್ಕೆ ಸುಮಾರು 56, ಆಮೇಲೆ 113. ಗಿಟಾರ್‌ನ ಅತಿ ದಪ್ಪ ತಂತಿ 82 ಹರ್ಟ್ಸ್‌ನದ್ದು, ಆದ್ದರಿಂದ 47 ಮತ್ತು 56 ನಿಮಗೆ ಕಾಟ ಕೊಡುವುದಿಲ್ಲ. ಆದರೆ ಎ ತಂತಿ 110 ಹರ್ಟ್ಸ್. ಅದು 113ಕ್ಕೆ ಅಂಟಿಕೊಂಡ ಹಾಗೇ ಇದೆ. ಮೇಲಾಗಿ ನಿಮ್ಮ ಸೂರೂ 10 ಅಡಿ. ಅಗಲ ಮತ್ತು ಎತ್ತರ ಒಂದೇ ಆದ್ದರಿಂದ ಅದೇ 113 ಎರಡು ಕಡೆಯಿಂದ ಉಬ್ಬುತ್ತದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದೇ ಅಳತೆ, ಆದ್ದರಿಂದ ಈ ದೂರು ನಿಮ್ಮೊಬ್ಬರದ್ದೇ ಅಲ್ಲ. ಆರನೇ ತಂತಿಯ ಎರಡನೇ ಫ್ರೆಟ್ ಒತ್ತಿ ನೋಡಿ. ಅದು ಎಫ್ ಶಾರ್ಪ್, 92.5 ಹರ್ಟ್ಸ್. ಅದೂ ಸ್ವಲ್ಪ ಉಬ್ಬುತ್ತಿರಬೇಕು.

ಈ ಉಬ್ಬು ರೂಮಿನ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಗೋಡೆಯ ಹತ್ತಿರ ಜೋರು, ಮೂಲೆಯಲ್ಲಿ ಎಲ್ಲಕ್ಕಿಂತ ಜೋರು. ನೀವು ಆಂಪ್ ಇಟ್ಟಿರುವುದು ಮೂಲೆಯಲ್ಲಿ, ನೆಲದ ಮೇಲೆ. ಅಂದರೆ ಮೂರು ದಿಕ್ಕಿನ ಉಬ್ಬನ್ನೂ ಪೂರ್ತಿ ಎಬ್ಬಿಸುವ ಜಾಗ. ನಿಮ್ಮ ತಲೆ ಎದುರು ಗೋಡೆಗೆ ಒರಗಿದೆ. ಅಂದರೆ ಅದನ್ನು ಪೂರ್ತಿ ಕೇಳುವ ಜಾಗ. ಆಂಪ್‌ನ ಬೇಸ್ ನಾಬ್ ತಿರುಗಿಸಿ ಇದನ್ನು ಸರಿ ಮಾಡಲು ಆಗುವುದಿಲ್ಲ. ತಿರುಗಿಸಿದರೆ ಉಬ್ಬದ ಸ್ವರಗಳೂ ಒಣಗಿಹೋಗುತ್ತವೆ.

ಈಗ ಒಳ್ಳೆಯ ಸುದ್ದಿ. 94 ಮತ್ತು 113ರಂಥ ಎರಡನೇ ಸ್ವರಗಳಿಗೆ ಒಂದು ದುರ್ಬಲ ಜಾಗ ಇದೆ. ಗೋಡೆಯಿಂದ ಕಾಲು ಭಾಗ ದೂರದಲ್ಲಿ ಅವು ಸೊನ್ನೆ. ಸ್ಪೀಕರ್ ಅಲ್ಲಿದ್ದರೆ ಆ ಸ್ವರವನ್ನು ಎಬ್ಬಿಸಲು ಅದಕ್ಕೆ ಆಗುವುದಿಲ್ಲ. 10 ಅಡಿಯ ಕಾಲು ಭಾಗ ಅಂದರೆ ಎರಡೂವರೆ ಅಡಿ. ಇಷ್ಟು ತಿಳಿದರೆ ಜಾಗ ತಾನಾಗಿಯೇ ಸಿಗುತ್ತದೆ.

ಆಂಪ್‌ಗಳನ್ನು 10 ಅಡಿಯ ಗೋಡೆ ಕಡೆಗೆ ಸಾಗಿಸಿ. ಬಾಗಿಲು ಅಡ್ಡ ಬಂದರೆ ಎದುರಿನ 10 ಅಡಿ ಗೋಡೆ ಹಿಡಿಯಿರಿ. ಎಡ ಆಂಪ್‌ನ ಸ್ಪೀಕರ್ ನಡುಭಾಗ ಎಡಗೋಡೆಯಿಂದ ಎರಡೂವರೆ ಅಡಿ, ಬಲದ್ದು ಬಲಗೋಡೆಯಿಂದ ಎರಡೂವರೆ ಅಡಿ. ನಡುವೆ ಸರಿಯಾಗಿ 5 ಅಡಿ ಉಳಿಯುತ್ತದೆ. ಎತ್ತರವೂ ನೆಲದಿಂದ ಎರಡೂವರೆ ಅಡಿ, ಸ್ಪೀಕರ್‌ನ ನಡುಭಾಗಕ್ಕೆ. ಗಟ್ಟಿ ಮರದ ಸ್ಟೂಲ್ ಮೇಲೆ ಇಟ್ಟರೆ ಹೆಚ್ಚುಕಮ್ಮಿ ಅಷ್ಟಕ್ಕೆ ಬರುತ್ತದೆ. ಪ್ಲಾಸ್ಟಿಕ್ ಕುರ್ಚಿ ಬೇಡ, ಅದು ನಡುಗುತ್ತದೆ. ವಾಲ್ವ್ ಆಂಪ್ ಭಾರವೂ ಜಾಸ್ತಿ.

ಹಿಂದಿನ ಗೋಡೆಗೆ ಅಂಟಿಸಬೇಡಿ. 12 ಇಂಚಿನ ಒಂದೇ ಸ್ಪೀಕರ್ ಇರುವ ಆಂಪ್‌ಗಳಲ್ಲಿ ಹೆಚ್ಚಿನವಕ್ಕೆ ಬೆನ್ನು ತೆರೆದಿರುತ್ತದೆ, ನಿಮ್ಮವೂ ಹಾಗೇ ಇರಬೇಕು. ಅದರ ಹಿಂಭಾಗದಿಂದಲೂ ಸದ್ದು ಬರುತ್ತದೆ, ಅದೂ ಮುಂದಿನದ್ದಕ್ಕೆ ತದ್ವಿರುದ್ಧವಾಗಿ. ಗೋಡೆ ತೀರಾ ಹತ್ತಿರ ಇದ್ದರೆ ಆ ಸದ್ದು ತಿರುಗಿ ಬಂದು ಮುಂದಿನದ್ದನ್ನು ತಿನ್ನುತ್ತದೆ. ಡಬ್ಬದೊಳಗೆ ಬಾರಿಸಿದ ಹಾಗೆ ಕೇಳಿಸುತ್ತದೆ. ಬೆನ್ನಿಗೂ ಗೋಡೆಗೂ ಕನಿಷ್ಠ ಒಂದು ಅಡಿ ಬಿಡಿ. ಆಗ ಸ್ಪೀಕರ್ ಮುಖ ಗೋಡೆಯಿಂದ ಸುಮಾರು 2 ಅಡಿ ಮುಂದೆ ಬರುತ್ತದೆ. ಜಾಗ ಇದ್ದರೆ 3 ಅಡಿವರೆಗೂ ತನ್ನಿ. 12ರ ಕಾಲು ಭಾಗ 3 ಅಲ್ವಾ, ಎಫ್ ಶಾರ್ಪ್‌ನ ಉಬ್ಬೂ ಅಡಗುತ್ತದೆ.

ನಿಮ್ಮ ಕುರ್ಚಿ ಅಗಲದ ನಟ್ಟನಡುವೆ ಇರಲಿ, ಎರಡು ಪಕ್ಕದ ಗೋಡೆಗೂ 5 ಅಡಿ. ತಲೆ ಆಂಪ್ ಕಡೆಯ ಗೋಡೆಯಿಂದ 7ರಿಂದ ಏಳೂವರೆ ಅಡಿ ದೂರ ಬರಲಿ. ಬೆನ್ನ ಹಿಂದೆ ನಾಲ್ಕೂವರೆ ಅಡಿಯಾದರೂ ಖಾಲಿ ಉಳಿಯುತ್ತದೆ. ಉದ್ದದ ಸರಿಮಧ್ಯ, ಅಂದರೆ 6 ಅಡಿಗೆ ಕೂರಬೇಡಿ. 94 ಹರ್ಟ್ಸ್ ಅಲ್ಲಿ ಮತ್ತೆ ಉಬ್ಬುತ್ತದೆ. ಮಂಚ ರೂಮಲ್ಲೇ ಇರಲಿ, ನಿಮ್ಮ ಬೆನ್ನ ಹಿಂದಿನ ಗೋಡೆ ಕಡೆಗೆ ಸರಿಸಿ. ಹಾಸಿಗೆ ಇರುವ ಮಂಚ ರೂಮಿಗೆ ತುಂಬಾ ಒಳ್ಳೆಯದು. ಅದರ ಮೇಲೆ ಗೋಡೆಗೆ ಒರಗಿ ಕೂರುವುದನ್ನು ಮಾತ್ರ ಬಿಡಿ.

ಇನ್ನು ಮುಖ ಯಾವ ಕಡೆ. 12 ಇಂಚಿನ ಗಿಟಾರ್ ಸ್ಪೀಕರ್ ಬೇಸನ್ನು ಎಲ್ಲ ಕಡೆ ಹರಡುತ್ತದೆ, ಟ್ರೆಬಲ್ಲನ್ನು ಟಾರ್ಚಿನ ಬೆಳಕಿನಂತೆ ನೇರ ಮುಂದಕ್ಕೆ ಬಿಡುತ್ತದೆ. ಸುಮಾರು 2,000 ಹರ್ಟ್ಸ್ ದಾಟಿದ ಮೇಲೆ ಇದು ಚೆನ್ನಾಗಿ ಗೊತ್ತಾಗುತ್ತದೆ. ನೆಲದ ಮೇಲಿದ್ದಾಗ ಆ ಟ್ರೆಬಲ್ ನಿಮ್ಮ ಮೊಣಕಾಲಿಗೆ ಬಡಿಯುತ್ತಿತ್ತು. ಸದ್ದು ಮಂಕು ಅಂತ ನೀವು ಟ್ರೆಬಲ್ ಏರಿಸಿದ್ದರೂ ಆಶ್ಚರ್ಯವಿಲ್ಲ. ಜಾಗ ಬದಲಿಸಿದ ಮೇಲೆ ಆ ನಾಬನ್ನು ಇಳಿಸಿ, ಇಲ್ಲದಿದ್ದರೆ ಕಿವಿ ಕೊರೆಯುತ್ತದೆ. ಕೂತಾಗ ನಿಮ್ಮ ಕಿವಿ ನೆಲದಿಂದ ಸುಮಾರು 4 ಅಡಿ ಎತ್ತರದಲ್ಲಿರುತ್ತದೆ. ಆಂಪ್ ಮುಂಭಾಗದ ಕೆಳಗೆ ಒಂದು ಮರದ ತುಂಡು ಕೊಟ್ಟು ಸ್ವಲ್ಪ ಮೇಲಕ್ಕೆ ವಾಲಿಸಿ. ಎರಡನ್ನೂ ಒಳಗೆ ತಿರುಗಿಸಿ, ಅವುಗಳ ನೇರ ಗೆರೆಗಳು ನಿಮ್ಮ ತಲೆಯ ಅರ್ಧ ಅಡಿ ಹಿಂದೆ ಸೇರುವ ಹಾಗೆ. ತೀಕ್ಷ್ಣ ಅನ್ನಿಸಿದರೆ ಎರಡನ್ನೂ ಒಂದೇ ಅಳತೆಯಲ್ಲಿ ಹೊರಗೆ ತಿರುಗಿಸಿ. ಒಂದನ್ನು ಮಾತ್ರ ತಿರುಗಿಸಿದರೆ ಸಮತೋಲ ಹೋಗುತ್ತದೆ.

ಆಮೇಲೆ ವಾಲ್ಯೂಮ್ ಸರಿದೂಗಿಸಬೇಕು. ನಿಮ್ಮದು ಒಂದು ವಾಲ್ವ್, ಒಂದು ಟ್ರಾನ್ಸಿಸ್ಟರ್. ನಾಬ್ ಎರಡರಲ್ಲೂ 4ಕ್ಕೆ ಇಟ್ಟರೆ ಸಮ ಆಗುತ್ತದೆ ಅಂತ ತಿಳಿಯಬೇಡಿ. ಪೆಡಲ್‌ನಲ್ಲಿ ಲೂಪರ್ ಇದ್ದರೆ ಒಂದು ಸರಳ ಗಿಟಾರ್ ತುಣುಕು ರೆಕಾರ್ಡ್ ಮಾಡಿ ಸುತ್ತಲು ಬಿಡಿ. ಫೋನ್‌ನಲ್ಲಿ ಡೆಸಿಬೆಲ್ ಅಳೆಯುವ ಆ್ಯಪ್ ಹಾಕಿ, ನಿಮ್ಮ ತಲೆ ಇರುವ ಜಾಗದಲ್ಲಿ ಹಿಡಿಯಿರಿ. ಒಂದೊಂದೇ ಆಂಪ್ ಆನ್ ಮಾಡಿ ಓದಿ. ಫೋನ್ ತೋರಿಸುವ ಅಂಕಿ ನಿಖರ ಇಲ್ಲದಿರಬಹುದು. ನಮಗೆ ಬೇಕಾಗಿರುವುದು ಎರಡರ ವ್ಯತ್ಯಾಸ ಅಷ್ಟೇ, ಅದಕ್ಕೆ ಸಾಕು. ಒಂದು ಡೆಸಿಬೆಲ್ ಒಳಗೆ ತನ್ನಿ. ಆಗ ಫ್ಯಾನ್ ಆಫ್ ಇರಲಿ. ತಿರುಗುವ ರೆಕ್ಕೆಗಳು ಸದ್ದನ್ನು ಅಲ್ಲಾಡಿಸುತ್ತವೆ. ಕೋರಸ್ ಪೆಡಲ್‌ನದ್ದೋ ಫ್ಯಾನಿನದ್ದೋ ಅಂತ ಗೊಂದಲವಾಗುತ್ತದೆ.

ಕೊನೆಯ ಪರೀಕ್ಷೆ ಕಿವಿಯದ್ದು. ಎಫೆಕ್ಟ್ ಏನೂ ಇಲ್ಲದೆ ಎರಡಕ್ಕೂ ಒಂದೇ ಸದ್ದು ಕೊಟ್ಟು, ಕಣ್ಣು ಮುಚ್ಚಿ ಕೇಳಿ. ಗಿಟಾರ್ ಎರಡು ಆಂಪ್‌ಗಳ ನಡುವಿನ ಖಾಲಿ ಗೋಡೆಯಿಂದ ಬಂದ ಹಾಗೆ ಕೇಳಿಸಬೇಕು. ತಲೆಯನ್ನು ಗೇಣು ಎಡಕ್ಕೆ ಸರಿಸಿದರೆ ಅದೂ ಎಡಕ್ಕೆ ಸರಿಯಬೇಕು. ಅದು ಆಯಿತು ಅಂದರೆ ನಿಮ್ಮ ರೂಮ್ ಸಿದ್ಧ. ಎಲ್ಲಿಂದ ಬರುತ್ತಿದೆ ಅಂತಲೇ ಗೊತ್ತಾಗದೆ ತಲೆ ಸುತ್ತಲೂ ಹರಡಿದ ಹಾಗಿದ್ದರೆ, ಪೋಲಾರಿಟಿ ಇನ್ನೂ ತಿರುಗೇ ಇದೆ.

ನಡುವಿನಿಂದ ಬರದೆ ಒಂದು ಕಡೆಗೇ ಎಳೆದರೆ ಪಕ್ಕದ ಗೋಡೆಗಳನ್ನು ನೋಡಿ. ಒಂದು ಕಡೆ ಕಬ್ಬಿಣದ ಬೀರು, ಇನ್ನೊಂದು ಕಡೆ ಪರದೆ ಹಾಕಿದ ಕಿಟಕಿ ಇದ್ದರೆ ಎಡಬಲ ಒಂದೇ ಆಗುವುದು ಹೇಗೆ? ಬೀರು ಇದ್ದರೆ ಅದನ್ನು ನಿಮ್ಮ ಬೆನ್ನ ಹಿಂದಿನ ಗೋಡೆಗೆ ಕಳಿಸಿ. ಬಾಗಿಲಿಗೆ ರಟ್ಟಿನ ತುಂಡು ಸಿಕ್ಕಿಸಿ, ಇಲ್ಲದಿದ್ದರೆ ಒಂದೊಂದು ಸ್ವರಕ್ಕೆ ಅದು ಕಿರಗುಟ್ಟುತ್ತದೆ. ಪಕ್ಕದ ಗೋಡೆಯಲ್ಲಿ ಸದ್ದು ಎಲ್ಲಿ ಬಡಿದು ನಿಮ್ಮತ್ತ ತಿರುಗುತ್ತದೆ ಅಂತ ಕಂಡುಹಿಡಿಯಲು ಕನ್ನಡಿ ಸಾಕು. ನೀವು ಕುರ್ಚಿಯಲ್ಲಿ ಕೂತಿರಿ. ಮನೆಯವರು ಯಾರಾದರೂ ಗೋಡೆಗುಂಟ ಕನ್ನಡಿ ಸರಿಸುತ್ತಾ ಹೋಗಲಿ. ಆ ಕಡೆಯ ಆಂಪ್ ಕನ್ನಡಿಯಲ್ಲಿ ಕಂಡ ಜಾಗಕ್ಕೆ ಗುರುತು ಹಾಕಿ. ಎರಡು ಗೋಡೆಯಲ್ಲೂ ಅಲ್ಲಿ ದಪ್ಪ ವಸ್ತು ಏನಾದರೂ ಬರಲಿ. ಹತ್ತಿಯ ಹಾಸಿಗೆಯನ್ನು ನೆಟ್ಟಗೆ ನಿಲ್ಲಿಸಬಹುದು. ದಪ್ಪ ಕಂಬಳಿಯನ್ನು ಎರಡು ಮಡಿಕೆ ಮಾಡಿ ಗೋಡೆಯಿಂದ ಒಂದು ಗೇಣು ಮುಂದೆ ನೇತುಹಾಕಬಹುದು. ಗೋಡೆಗೆ ಅಂಟಿಸಿದ್ದಕ್ಕಿಂತ ಹೀಗೆ ಬಿಟ್ಟು ಹಾಕಿದ್ದು ಜಾಸ್ತಿ ಕೆಲಸ ಮಾಡುತ್ತದೆ. ನಿಮಗೂ ಆಂಪ್‌ಗೂ ನಡುವೆ ನೆಲಕ್ಕೆ ಜಮಖಾನ ಹಾಸಿ, ಟೈಲ್ಸ್ ನೆಲ ಆದರಂತೂ ಬೇಕೇ ಬೇಕು.

ಹಾಸಿಗೆ, ಮೆತ್ತೆ ಅಂದರೆ ಅಗ್ಗದ ಉಪಾಯ ಅಂತ ಕೀಳಾಗಿ ನೋಡಬೇಡಿ. ರೂಮಿನ ಅನುರಣನವನ್ನು, ಅಂದರೆ ಸದ್ದು ನಿಂತ ಮೇಲೂ ಉಳಿಯುವ ಗುಂಗನ್ನು, ಲೆಕ್ಕ ಹಾಕುವ ವಿದ್ಯೆ ಹುಟ್ಟಿದ್ದೇ ಮೆತ್ತೆಗಳಿಂದ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1890ರ ದಶಕದಲ್ಲಿ ಒಂದು ಉಪನ್ಯಾಸ ಕೋಣೆಯಲ್ಲಿ ಮಾತು ಕಲಸಿಹೋಗುತ್ತಿತ್ತು. ಅದನ್ನು ಸರಿಪಡಿಸಲು ಹೊರಟ ವಾಲೇಸ್ ಸಬೈನ್, ಹತ್ತಿರದ ಸ್ಯಾಂಡರ್ಸ್ ಥಿಯೇಟರ್‌ನ ಕುರ್ಚಿ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಎಷ್ಟು ಮೆತ್ತೆಗೆ ಸದ್ದು ಎಷ್ಟು ಬೇಗ ಅಡಗುತ್ತದೆ ಅಂತ ಅಳೆದರು. ಇವತ್ತಿಗೂ ಎಂಜಿನಿಯರ್‌ಗಳು ಬಳಸುವುದು ಅವರ ಸೂತ್ರವನ್ನೇ. ಮೊಟ್ಟೆ ಟ್ರೇಗಳನ್ನು ಮಾತ್ರ ಅಂಟಿಸಬೇಡಿ. ಬೇಸ್ ಮೇಲೆ ಅವುಗಳಿಂದ ಏನೂ ಆಗುವುದಿಲ್ಲ, ಕಿಡಿ ಬಿದ್ದರೆ ಥಟ್ಟನೆ ಹೊತ್ತಿಕೊಳ್ಳುತ್ತವೆ. ತೆಳ್ಳನೆಯ ಫೋಮ್ ಟೈಲ್ಸ್ ಕೂಡ ಅಷ್ಟಕ್ಕಷ್ಟೇ. ಟ್ರೆಬಲ್ ಮಾತ್ರ ನುಂಗಿ, ಗುಮ್ ಹಾಗೇ ಉಳಿಸುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಯಾವ ಎಫೆಕ್ಟ್ ಎರಡು ಆಂಪ್‌ನಲ್ಲಿ ಚೆನ್ನಾಗಿ ಬರುತ್ತದೆ ಅನ್ನುವುದೂ ಮುಖ್ಯ. ಎಫೆಕ್ಟ್ ಇಲ್ಲದ ಒಂದೇ ಸದ್ದನ್ನು ಎರಡಕ್ಕೂ ಕೊಟ್ಟರೆ ಅದು ಸ್ಟೀರಿಯೋ ಅಲ್ಲ, ದೊಡ್ಡ ಮೋನೋ. ಎಡಬಲದ ನಡುವೆ ವ್ಯತ್ಯಾಸ ಇರಬೇಕು. ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಸ್ಟೀರಿಯೋ ಕೋರಸ್. ರೋಲ್ಯಾಂಡ್ ಕಂಪನಿ 1975ರಲ್ಲಿ ಜೆಸಿ-120 ಅನ್ನುವ ಆಂಪ್ ತಂದಿತು. ಅದರೊಳಗೆ 60 ವಾಟ್‌ನ ಎರಡು ಬೇರೆ ಬೇರೆ ಆಂಪ್, 12 ಇಂಚಿನ ಎರಡು ಸ್ಪೀಕರ್. ಕೋರಸ್ ಹಾಕಿದರೆ ಒಂದರಲ್ಲಿ ನೇರ ಸದ್ದು, ಇನ್ನೊಂದರಲ್ಲಿ ಶ್ರುತಿ ಸ್ವಲ್ಪ ತೂಗಾಡುವ ಸದ್ದು. ಎರಡೂ ವೈರಿನಲ್ಲಿ ಸೇರುವುದಿಲ್ಲ, ಗಾಳಿಯಲ್ಲಿ ಸೇರುತ್ತವೆ. ಅದರ ಆ ಹೊಳಪು ಬರುವುದು ಅದರಿಂದಲೇ. ನಿಮ್ಮ ಎರಡು ಆಂಪ್‌ಗಳು 5 ಅಡಿ ಅಂತರದಲ್ಲಿ ನಿಂತಾಗ ಅದನ್ನೇ ಇನ್ನೂ ಅಗಲವಾಗಿ ಕೇಳಬಹುದು. ಪೆಡಲ್‌ನ ಎರಡೂ ಔಟ್‌ಪುಟ್ ಜ್ಯಾಕ್‌ಗೆ ಕೇಬಲ್ ಸರಿಯಾಗಿ ಕೂತಿದೆಯೇ ಅಂತ ನೋಡಿಕೊಳ್ಳಿ. ಎಷ್ಟೋ ಪೆಡಲ್‌ಗಳಲ್ಲಿ ಒಂದೇ ಜ್ಯಾಕ್ ಬಳಸಿದರೆ ಎರಡನ್ನೂ ಕಲಸಿ ಮೋನೋ ಮಾಡಿ ಕೊಡುತ್ತದೆ.

ಎಡಬಲಕ್ಕೆ ಪುಟಿಯುವ ಡಿಲೇ ಇನ್ನೂ ಸುಲಭ. ಪ್ರತಿ ಮಾರ್ದನಿಯೂ ಬೇರೆ ಹೊತ್ತಿಗೆ ಬರುವುದರಿಂದ ಕುರ್ಚಿ ಒಂದಿಷ್ಟು ಆಚೀಚೆ ಆದರೂ ಸಹಿಸಿಕೊಳ್ಳುತ್ತದೆ. ಗೆಳೆಯರು ಬಂದು ಪಕ್ಕದಲ್ಲಿ ಕೂತರೂ ಅವರಿಗೆ ಅದು ಚೆನ್ನಾಗೇ ಕೇಳಿಸುತ್ತದೆ.

ಡಿಸ್ಟಾರ್ಷನ್ ಹೆಚ್ಚಿಟ್ಟು ಬಾರಿಸುವ ದಿನ ಇನ್ನೊಂದು ದಾರಿ ಹಿಡಿಯಿರಿ. ವಾಲ್ವ್ ಮತ್ತು ಟ್ರಾನ್ಸಿಸ್ಟರ್ ಆಂಪ್‌ಗಳ ಡಿಸ್ಟಾರ್ಷನ್ ಒಂದಕ್ಕೊಂದು ಹೋಲುವುದಿಲ್ಲ. ಅವನ್ನು ಎಡಬಲ ಮಾಡಿದರೆ ಗಿಟಾರ್ ನಡುವೆ ನಿಲ್ಲದೆ ಅಲೆದಾಡುತ್ತದೆ. ಅದರ ಬದಲು ವಾಲ್ವ್ ಆಂಪ್‌ನಲ್ಲಿ ಎಫೆಕ್ಟ್ ಇಲ್ಲದ ಸದ್ದು ಮಾತ್ರ ಬರಲಿ, ಟ್ರಾನ್ಸಿಸ್ಟರ್ ಆಂಪ್‌ನಲ್ಲಿ ಡಿಲೇ, ರಿವರ್ಬ್ ಮಾತ್ರ ಬರಲಿ. ವೆಟ್-ಡ್ರೈ ಅಂತ ಗಿಟಾರ್ ಬಾರಿಸುವವರು ಕರೆಯುವುದು ಇದನ್ನೇ. ಇದಕ್ಕೆ ಆಂಪ್‌ಗಳು ದೂರ ಇರಬೇಕಿಲ್ಲ. ಅಕ್ಕಪಕ್ಕ ಇಟ್ಟರೆ ಇನ್ನೂ ಒಳ್ಳೆಯದು. ಬಾರಿಸಿದ ಸ್ವರ ಸ್ಪಷ್ಟವಾಗಿ ಉಳಿಯುತ್ತದೆ, ಹಿಂದೆ ಡಿಲೇ ತೇಲುತ್ತಿರುತ್ತದೆ. ಬೇರೆ ಬೇರೆ ಜಾತಿಯ ಎರಡು ಆಂಪ್ ಇರುವವರಿಗೆ ಇದು ಹೇಳಿ ಮಾಡಿಸಿದ ವ್ಯವಸ್ಥೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

50 ವಾಟ್‌ನ ಆಂಪ್ ಬೇಕೇ ಅಂತ ಕೇಳಿದ್ದೀರಿ. ಬೇಡ. ವಾಟ್ ಎರಡರಷ್ಟಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಅನ್ನಿಸಲು ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತರಷ್ಟು ವಾಟ್. ಸಾಮಾನ್ಯ ಗಿಟಾರ್ ಸ್ಪೀಕರ್ ಒಂದೇ ವಾಟ್‌ಗೆ ಒಂದು ಮೀಟರ್ ದೂರದಲ್ಲಿ 97ರಿಂದ 100 ಡೆಸಿಬೆಲ್ ಕೊಡುತ್ತದೆ. 6 ಅಡಿ ದೂರದಲ್ಲಿ ಕೂರುವ ನಿಮಗೆ ಎರಡು ಆಂಪ್‌ನಿಂದ ಒಂದೊಂದು ವಾಟ್ ಬಂದರೂ ಅದು ಜೋರೇ. ಕಿವಿಯ ಲೆಕ್ಕವೂ ಇದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆ ಪ್ರಕಾರ 85 ಡೆಸಿಬೆಲ್ ಆದರೆ ದಿನಕ್ಕೆ 8 ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್ ಏರಿದ ಹಾಗೆ ಆ ಹೊತ್ತು ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಬಂದಾಗ ಉಳಿಯುವುದು 15 ನಿಮಿಷ. ನೀವು ದಿನಾ ಅಭ್ಯಾಸ ಮಾಡುವವರು, ಆ್ಯಪ್‌ನಲ್ಲಿ 85 ದಾಟದ ಹಾಗೆ ನೋಡಿಕೊಳ್ಳಿ. ಸಮಾನ ದೂರದಲ್ಲಿ, ಕಿವಿ ಕಡೆ ಮುಖ ಮಾಡಿದ ಎರಡು ಆಂಪ್ ಇದ್ದರೆ ಅಷ್ಟರಲ್ಲೇ ಸದ್ದು ತುಂಬಿದ ಹಾಗಿರುತ್ತದೆ.

ಆ ದುಡ್ಡಲ್ಲಿ ಐಸೋಲೇಷನ್ ಬಾಕ್ಸ್, ಎರಡು ಒಳ್ಳೆಯ ಕೇಬಲ್, ಎರಡು ಗಟ್ಟಿ ಸ್ಟೂಲ್ ಬರುತ್ತವೆ. ಸ್ಟೂಲ್ ಕಾಲಿನ ಕೆಳಗೆ ದಪ್ಪ ರಬ್ಬರ್ ತುಂಡು ಹಾಕಿ. ನೀವಿರುವುದು ಮಹಡಿಯಲ್ಲಿ, ನೆಲದ ಮೇಲಿನ ಆಂಪ್‌ನ ನಡುಕ ನೇರ ಕೆಳಗಿನ ಮನೆಗೆ ಇಳಿಯುತ್ತದೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್ ಅಂತ 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿದೆ. ಕಿಟಕಿ ತೆರೆದಿದ್ದರೆ ಆ ಮಿತಿ ದಾಟುವುದು ಕಷ್ಟವೇನಲ್ಲ. ರಾತ್ರಿ ಹತ್ತರ ಮೇಲೆ ಅಭ್ಯಾಸ ಮಾಡುವುದಾದರೆ ಅದೇ ಪೆಡಲ್‌ನ ಸ್ಟೀರಿಯೋ ಔಟ್‌ಪುಟ್ಟನ್ನು ಹೆಡ್‌ಫೋನ್‌ಗೆ ತಿರುಗಿಸಿ. ಪೆಡಲ್‌ನಲ್ಲಿ ಸ್ಪೀಕರ್ ಸಿಮ್ಯುಲೇಷನ್ (ಗಿಟಾರ್ ಸ್ಪೀಕರ್‌ನ ಸದ್ದನ್ನು ಅನುಕರಿಸುವ ವ್ಯವಸ್ಥೆ) ಇದ್ದರೆ ಅದನ್ನು ಆನ್ ಮಾಡಿಕೊಳ್ಳಿ, ಇಲ್ಲದಿದ್ದರೆ ಡಿಸ್ಟಾರ್ಷನ್ ಕರ್ಕಶವಾಗಿ ಕೇಳಿಸುತ್ತದೆ.